ಬೆಂಚಿನ ಮೇಲಿನ ಮೂವತ್ತು ಪಾಯಿಂಟು

ಫ್ಯಾಂಟಸಿ ಫುಟ್‌ಬಾಲಿನಲ್ಲಿ ಸೋಲು ಎರಡು ಬಗೆ. ತಂಡವೇ ಸೊರಗಿದ್ದು, ಎದುರಾಳಿಯಿಂದ ಚೆನ್ನಾಗಿ ಏಟು ತಿಂದು ಸೋತರೆ ಅದು ಮಾಮೂಲಿ ಸೋಲು. ಮಂಗಳವಾರದ ಹೊತ್ತಿಗೆ ಮರೆತುಹೋಗುತ್ತದೆ. ಬೆಂಚಿನ ಮೇಲೆ ಕೂರಿಸಿದವನು ಮೂವತ್ತು ಪಾಯಿಂಟು ಬಾರಿಸಿ, ನಾವು ನಾಲ್ಕು ಪಾಯಿಂಟಿನಲ್ಲಿ ಸೋತರೆ ಅದರ ಜಾತಿಯೇ ಬೇರೆ. ಅದನ್ನು ಹೆಂಡತಿಯ ಹತ್ತಿರ ಹೇಳಿಕೊಳ್ಳುವ ಹಾಗಿಲ್ಲ, ಹೇಳದೆ ಇರಲಿಕ್ಕೂ ಆಗುವುದಿಲ್ಲ.

ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಸುತ್ತಮುತ್ತಲ ಹನ್ನೆರಡು ಕನ್ನಡದ ಮನೆಯವರು ಈ ಆಟ ಆಡುತ್ತೇವೆ. ಎನ್‌ಎಫ್‌ಎಲ್ ಎಂಬ ಅಮೆರಿಕದ ಫುಟ್‌ಬಾಲ್ ಲೀಗಿನ ನಿಜವಾದ ಆಟಗಾರರು ಮೈದಾನದಲ್ಲಿ ಮಾಡಿದ್ದೆಲ್ಲ ನಮ್ಮ ಕಾಗದದ ತಂಡಗಳಿಗೆ ಅಂಕವಾಗುತ್ತದೆ. ಊರಿನ ಕಡೆ ಡ್ರೀಮ್ ಇಲೆವೆನ್ ಆಡಿದವರಿಗೆ (2025ರ ಆಗಸ್ಟಿನ ಕೇಂದ್ರ ಕಾಯ್ದೆ ಬಂದ ಮೇಲೆ ಅದರ ದುಡ್ಡಿನ ಆಟ ನಿಂತಿತು) ಒಂದು ವ್ಯತ್ಯಾಸ ಹೇಳಬೇಕು. ಅಲ್ಲಿ ಪಂದ್ಯಕ್ಕೊಂದು ತಂಡ. ಒಬ್ಬನೇ ಕೊಹ್ಲಿ ಲಕ್ಷಾಂತರ ಜನರ ತಂಡದಲ್ಲಿ ಒಟ್ಟಿಗೆ ಆಡುತ್ತಿದ್ದ. ಇಲ್ಲಿ ಆಗಸ್ಟ್ ಕೊನೆಗೆ ಡ್ರಾಫ್ಟ್ ನಡೆಯುತ್ತದೆ. ಸರದಿಯ ಪ್ರಕಾರ ಒಬ್ಬೊಬ್ಬರನ್ನೇ ಎತ್ತಿಕೊಳ್ಳಬೇಕು. ನಾನು ಎತ್ತಿಕೊಂಡವನು ನಮ್ಮ ಲೀಗಿನಲ್ಲಿ ಇನ್ನೊಬ್ಬರಿಗೆ ಸಿಗುವುದಿಲ್ಲ. ಆಮೇಲೆ ಡಿಸೆಂಬರ್ ಕೊನೆಯವರೆಗೂ ಅವನ ಮೊಣಕಾಲು ನೋವು, ಅವನ ಕೋಚಿನ ಮೂಗಿನ ತುದಿಯ ಸಿಟ್ಟು, ಎಲ್ಲವೂ ನನ್ನವೇ.

ವಾರವಾರ ಆಡಿಸಬೇಕಾದ್ದು ಇಷ್ಟು: ಚೆಂಡು ಎಸೆಯುವ ಒಬ್ಬ ಕ್ವಾರ್ಟರ್‌ಬ್ಯಾಕ್, ಚೆಂಡು ಅಪ್ಪಿಕೊಂಡು ಓಡುವ ಇಬ್ಬರು ರನ್ನಿಂಗ್ ಬ್ಯಾಕ್, ಎಸೆದದ್ದನ್ನು ಹಿಡಿಯುವ ಇಬ್ಬರು ವೈಡ್ ರಿಸೀವರ್, ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಒಬ್ಬ ಟೈಟ್ ಎಂಡ್, ಒಬ್ಬ ಕಿಕ್ಕರ್, ಯಾವುದಾದರೂ ಒಂದು ತಂಡದ ಇಡೀ ಡಿಫೆನ್ಸ್. ಕೊನೆಯದು ಫ್ಲೆಕ್ಸ್. ಅಲ್ಲಿ ರನ್ನಿಂಗ್ ಬ್ಯಾಕನ್ನಾದರೂ ಹಾಕಬಹುದು, ರಿಸೀವರನ್ನಾದರೂ ಹಾಕಬಹುದು, ಟೈಟ್ ಎಂಡೂ ಆದೀತು. ಉಳಿದ ಆರೇಳು ಜನ ಬೆಂಚು. ಓಡಿದ ಅಥವಾ ಹಿಡಿದ ಪ್ರತಿ 10 ಗಜಕ್ಕೆ ಒಂದು ಪಾಯಿಂಟು, ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದರೆ, ಅಂದರೆ ಟಚ್‌ಡೌನಿಗೆ, 6. ಬೆಂಚಿನವನು ಹತ್ತು ಟಚ್‌ಡೌನ್ ಹೊಡೆದರೂ ಸೊನ್ನೆ.

ಹೆಸರುವಾಸಿ ಆಟಗಾರರ ವಿಷಯದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲ ಸುತ್ತಿನಲ್ಲಿ ಎತ್ತಿದವನನ್ನು ಕಣ್ಣು ಮುಚ್ಚಿಕೊಂಡು ಆಡಿಸುತ್ತೇವೆ. ತಲೆ ಹೋಗುವುದು ಫ್ಲೆಕ್ಸಿನ ಜಾಗಕ್ಕೆ, ಅದೂ ಇಬ್ಬರು ಸಾಧಾರಣ ಆಟಗಾರರ ನಡುವೆ. ಆ್ಯಪಿನ ಅಂದಾಜು ಒಬ್ಬನಿಗೆ 9.8, ಇನ್ನೊಬ್ಬನಿಗೆ 10.1. ಈ ಸೊನ್ನೆ ಬಿಂದು ಮೂರರ ಬೆನ್ನು ಹತ್ತಿ ದೊಡ್ಡ ದೊಡ್ಡ ಕಂಪನಿಗಳಲ್ಲಿ ಡೇಟಾ ನೋಡಿಕೊಳ್ಳುವ ಗಂಡಸರು ಬುಧವಾರದಿಂದ ಭಾನುವಾರದವರೆಗೆ ನಿದ್ದೆಗೆಡುತ್ತಾರೆ. ವ್ಯತ್ಯಾಸ ಕಡಿಮೆಯಾದಷ್ಟೂ ಚಿಂತೆ ಹೆಚ್ಚು. ನಿಜಕ್ಕೂ ಅಷ್ಟು ಹತ್ತಿರವಿದ್ದರೆ ಯಾರನ್ನು ಹಾಕಿದರೂ ಒಂದೇ ತಾನೇ ಎಂದು ಕೇಳಬಹುದು. ಈ ಆಟ ಆಡದವರು ಹಾಗೆ ಕೇಳುತ್ತಾರೆ.

ಬುಧವಾರ, ಗುರುವಾರ, ಶುಕ್ರವಾರ ತಂಡಗಳು ಗಾಯಾಳುಗಳ ಪಟ್ಟಿ ಬಿಡುಗಡೆ ಮಾಡುತ್ತವೆ. ಕೊನೆಗೆ ಒಬ್ಬೊಬ್ಬನ ಹೆಸರಿನ ಮುಂದೆ ಔಟ್, ಡೌಟ್‌ಫುಲ್, ಕ್ವೆಶ್ಚನಬಲ್ ಎಂದು ಬರುತ್ತದೆ. ಹಿಂದೆ ಪ್ರಾಬಬಲ್ ಎಂದೂ ಒಂದಿತ್ತು. ಆ ಪಟ್ಟಿಯಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಆಡಿಯೇ ಆಡುತ್ತಿದ್ದರು, ಹಾಗಾಗಿ 2016ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಕ್ವೆಶ್ಚನಬಲ್ ಒಳಗೇ ಎಲ್ಲ ತರದವರೂ ತುಂಬಿಕೊಂಡಿದ್ದಾರೆ. ಆಡುವುದು ಬಿಡುವುದು ಖಚಿತವಾಗುವುದು ಪಂದ್ಯಕ್ಕೆ ತೊಂಬತ್ತು ನಿಮಿಷ ಮುಂಚೆ, ಆಡದವರ ಪಟ್ಟಿ ಹೊರಬಿದ್ದಾಗ. ಪೂರ್ವ ತೀರದ ಮಧ್ಯಾಹ್ನ ಒಂದರ ಪಂದ್ಯ ನಮಗೆ ಬೆಳಿಗ್ಗೆ ಹತ್ತಕ್ಕೆ. ಅಂದರೆ ಪಟ್ಟಿ ಬರುವುದು ಸರಿಯಾಗಿ ಎಂಟೂವರೆಗೆ, ದೋಸೆಯ ಹೊತ್ತಿಗೆ. ಒಂದು ಕೈಯಲ್ಲಿ ಮೊಗಚುವ ಕೈ, ಇನ್ನೊಂದರಲ್ಲಿ ಫೋನು. ಲಂಡನ್ನಿನಲ್ಲಿ ಪಂದ್ಯವಿರುವ ಭಾನುವಾರಗಳಂದು ಬೆಳಗಿನ ಜಾವ ಐದಕ್ಕೇ ಏಳಬೇಕು. ಮದುವೆಯ ಮುಹೂರ್ತಕ್ಕೂ ಅಷ್ಟು ಹೊತ್ತಿಗೆ ಏಳದವರು ಇದಕ್ಕೆ ಏಳುವುದನ್ನು ನೋಡಿದ್ದೇನೆ.

ಹಾಸನದಿಂದ ಬಂದಿದ್ದ ಅಮ್ಮನಿಗೆ ಒಂದು ತಿಂಗಳಲ್ಲಿ ಇದರ ಸಾರಾಂಶ ಗೊತ್ತಾಗಿತ್ತು. ಫೋನಿನ ಪರದೆ ನೋಡಿ ಕೇಳಿದರು: "ಲೋ, ಆ ಪಾಪದವನ್ನ ಯಾಕೋ ಆಚೆ ಕೂರ್ಸಿದ್ದೀಯ? ಹೋದ್ವಾರ ಅವ್ನೇ ಅಲ್ವಾ ಚೆನ್ನಾಗಿ ಓಡಿದ್ದು?"

"ಈ ವಾರ ಎದುರಿಗಿರೋ ತಂಡ ಗಟ್ಟಿ ಅಮ್ಮ."

"ಓಡೋನು ಎದುರಿಗೆ ಯಾರಿದ್ರೂ ಓಡ್ತಾನೆ ಕಣೋ."

ನಿಮ್ಮ ಗಟ್ಟಿಗರನ್ನು ಎದುರಾಳಿ ಯಾರೆಂದು ನೋಡದೆ ಆಡಿಸಿ ಎಂಬುದು ಈ ಆಟದ ಪಂಡಿತರ ಹಳೆಯ ಸೂತ್ರ. ಅಮ್ಮ ಒಂದೂ ಪಂದ್ಯ ನೋಡದೆ ಅದನ್ನು ತಲುಪಿದ್ದರು. ಆ ವಾರ ಅವನು ಓಡಲಿಲ್ಲ ಎನ್ನುವುದು ಬೇರೆ ಮಾತು.

ಈ ಹುಚ್ಚು ಹುಟ್ಟಿದ್ದು ನಮ್ಮ ಪಕ್ಕದ ಊರಿನಲ್ಲೇ. ಬಿಲ್ ವಿಂಕೆನ್‌ಬಾಕ್ ಎಂಬ ಓಕ್ಲೆಂಡಿನ ವ್ಯಾಪಾರಿ, ರೇಡರ್ಸ್ ತಂಡದ ಸಣ್ಣ ಪಾಲುದಾರ, 1962ರಲ್ಲಿ ತಂಡದ ಜೊತೆ ಪೂರ್ವ ತೀರಕ್ಕೆ ಹೋಗಿದ್ದಾಗ ನ್ಯೂಯಾರ್ಕಿನ ಹೋಟೆಲಿನಲ್ಲಿ ಗೆಳೆಯರ ಜೊತೆ ಕೂತು ನಿಯಮಗಳನ್ನು ಬರೆದ. ಮರುವರ್ಷ ಆಗಸ್ಟಿನಲ್ಲಿ ಅವನ ಮನೆಯಲ್ಲಿ ಎಂಟು ತಂಡಗಳ ಮೊದಲ ಡ್ರಾಫ್ಟ್ ನಡೆಯಿತು. ಮೊದಲು ಎತ್ತಿದ್ದು ಜಾರ್ಜ್ ಬ್ಲಾಂಡಾನನ್ನು. ಆಮೇಲೆ 48 ತುಂಬಿದ ಮೇಲೂ ಆಡುತ್ತಿದ್ದ ಪುಣ್ಯಾತ್ಮ ಅವನು. ಆ ಗುಂಪಿನ ಆ್ಯಂಡಿ ಮೌಸಲಿಮಸ್ 1969ರಲ್ಲಿ ಆಟವನ್ನು ತನ್ನ ಬಾರ್‌ಗೆ ತಂದ, ಅಲ್ಲಿಂದ ಅದು ಊರೆಲ್ಲ ಹಬ್ಬಿತು. ಕೊನೆಯ ಸ್ಥಾನಕ್ಕೆ ಬಂದವನಿಗೆ ಅವಮಾನಕ್ಕೆಂದೇ ಮರದಲ್ಲಿ ಕೆತ್ತಿದ ಟ್ರೋಫಿ ಕೊಡುವ ಪದ್ಧತಿಯೂ ಆಗಲೇ ಇತ್ತು. ರೇಡರ್ಸ್ ತಂಡ 2020ರಲ್ಲಿ ಲಾಸ್ ವೇಗಸ್‌ಗೆ ಗಂಟುಮೂಟೆ ಕಟ್ಟಿತು. ಹುಚ್ಚು ಇಲ್ಲೇ ಉಳಿಯಿತು.

ಬಾಳಿನಲ್ಲಿ ನಾವು ಬಿಟ್ಟ ದಾರಿಯ ಲೆಕ್ಕವನ್ನು ಯಾರೂ ಬರೆದು ಕೈಗೆ ಕೊಡುವುದಿಲ್ಲ. ಸೇರದೆ ಬಿಟ್ಟ ಕೆಲಸ, ಓದದೆ ಬಿಟ್ಟ ಕಾಲೇಜು ಏನಾಗುತ್ತಿತ್ತೋ ಯಾರಿಗೆ ಗೊತ್ತು, ಹಾಗಾಗಿ ನೆಮ್ಮದಿ. ಫ್ಯಾಂಟಸಿಯಲ್ಲಿ ಬಿಟ್ಟದ್ದನ್ನೂ ದಶಮಾಂಶದ ಸಮೇತ ಅದೇ ಪರದೆಯ ಕೆಳಗೆ ತೋರಿಸುತ್ತಾರೆ. ನಮ್ಮವರಲ್ಲಿ ಇದಕ್ಕೆ ಹತ್ತಿರದ್ದು ಒಂದೇ ಇದೆ: ತೊಂಬತ್ತರ ದಶಕದಲ್ಲಿ ಕೊಳ್ಳದೆ ಬಿಟ್ಟ ಯಲಹಂಕದ ಸೈಟು. ಅದರ ಇವತ್ತಿನ ರೇಟೂ ಹೀಗೇ, ಯಾರೂ ಕೇಳದಿದ್ದರೂ ಹಬ್ಬದ ಊಟದ ನಡುವೆ ಬಂದು ಕೂರುತ್ತದೆ.

ಹಾಗಾಗಿಯೇ ಜನ ಗೆಲ್ಲುವುದಕ್ಕಿಂತ ಹೆಚ್ಚಾಗಿ ಪಶ್ಚಾತ್ತಾಪ ತಪ್ಪಿಸಿಕೊಳ್ಳುವುದಕ್ಕೆ ಆಡಿಸುತ್ತಾರೆ ಎಂದು ನನ್ನ ಗುಮಾನಿ. ಹೆಸರಿದ್ದವನನ್ನು ಹಾಕಿ ಅವನು ಮೂರು ಪಾಯಿಂಟಿಗೆ ಮುಗ್ಗರಿಸಿದರೆ ತಪ್ಪು ಅವನದು. ಹೊಸಬನನ್ನು ಹಾಕಿ ಅವನು ಮುಗ್ಗರಿಸಿದರೆ ತಪ್ಪು ನಮ್ಮದು. ಎರಡೂ ಕಡೆ ಕಳೆದುಕೊಂಡದ್ದು ಅಷ್ಟೇ ಆದರೂ ಗ್ರೂಪಿನಲ್ಲಿ ಬೈಸಿಕೊಳ್ಳುವುದು ಎರಡನೆಯದಕ್ಕೆ. ವಾರಕ್ಕೊಮ್ಮೆ ಬರುವ ತಜ್ಞರ ರ‍್ಯಾಂಕಿಂಗ್ ಪಟ್ಟಿಗಳು ಇಷ್ಟೊಂದು ಓಡುವುದೂ ಇದಕ್ಕೇ. ಅವು ಭವಿಷ್ಯ ಹೇಳುತ್ತವೆ ಎಂದು ನಂಬಿದವರನ್ನು ನಾನು ಕಂಡಿಲ್ಲ. ಸೋತ ಮೇಲೆ "ಪಟ್ಟಿಯಲ್ಲಿ ಹಾಗೇ ಇತ್ತಲ್ಲ" ಎನ್ನಲು ಒಂದು ಆಸರೆ ಬೇಕು.

ಹೊಸಬನನ್ನು ನಂಬಿದವರ ಪಾಡಿಗೆ ಜೋನಸ್ ಗ್ರೇಯ ಕಥೆ ಸಾಕು. 2014ರ ನವೆಂಬರ್ 16ರ ಭಾನುವಾರ ರಾತ್ರಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಪರವಾಗಿ ಇಂಡಿಯಾನಾಪೊಲಿಸ್ ಮೇಲೆ ಈ ಯಾರಿಗೂ ಗೊತ್ತಿಲ್ಲದ ಹುಡುಗ 200 ಗಜದಷ್ಟು ಓಡಿ ನಾಲ್ಕು ಟಚ್‌ಡೌನ್ ಹೊಡೆದ. ನಮ್ಮ ಲೆಕ್ಕದಲ್ಲಿ 44ರ ಆಸುಪಾಸು. ಅದೆಲ್ಲ ಹೆಚ್ಚುಕಡಿಮೆ ಯಾರ ಬೆಂಚಿನ ಮೇಲೂ ಇಲ್ಲದೆ ಗಾಳಿಗೆ ಹೋದ ಪಾಯಿಂಟು. ಮಂಗಳವಾರ ರಾತ್ರಿ ಅವನನ್ನು ಎತ್ತಿಕೊಳ್ಳಲು ನೂಕುನುಗ್ಗಲು. ಶುಕ್ರವಾರ ಅವನಿಗೆ ಎಚ್ಚರವಾಗಲಿಲ್ಲ, ಅಭ್ಯಾಸಕ್ಕೆ ತಡವಾಗಿ ಬಂದ. ಕೋಚ್ ಬಿಲ್ ಬೆಲಿಚಿಕ್ ಭಾನುವಾರ ಅವನನ್ನು ಬೆಂಚಿನಿಂದ ಏಳಿಸಲೇ ಇಲ್ಲ. ಅವನ ಬದಲು ಲೆಗ್ಯಾರೆಟ್ ಬ್ಲೌಂಟ್ ಓಡಿ ಎರಡು ಟಚ್‌ಡೌನ್ ಹೊಡೆದ. ಬ್ಲೌಂಟನನ್ನು ಪಿಟ್ಸ್‌ಬರ್ಗ್ ತಂಡ ಹೊರಹಾಕಿದ್ದು ಅದೇ ವಾರ. ಮೊಣಕಾಲು, ಹವಾಮಾನ, ಎದುರಾಳಿ ಡಿಫೆನ್ಸು ಎಲ್ಲವನ್ನೂ ತೂಗಿ ನೋಡಿದವರು ಒಬ್ಬನ ನಿದ್ದೆಯನ್ನು ತೂಗಿರಲಿಲ್ಲ. ಒಂದು ವಾರದ ಹಿಂದೆ ಗ್ರೇಯನ್ನು ಬಿಟ್ಟವರೂ ಪೆದ್ದರು, ಈ ವಾರ ಹಾಕಿದವರೂ ಪೆದ್ದರು. ಇಬ್ಬರ ತರ್ಕದಲ್ಲೂ ಲೋಪವಿರಲಿಲ್ಲ.

ಆಟಗಾರರಿಗಂತೂ ನಮ್ಮ ಲೈನಪ್ಪಿನ ಪರಿವೆ ಇಲ್ಲ, ಇರಲೂಬಾರದು. 2007ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದ ಬ್ರಯನ್ ವೆಸ್ಟ್‌ಬ್ರೂಕ್ ಡಲ್ಲಾಸ್ ಮೈದಾನದಲ್ಲಿ ಬಯಲಾಗಿ ಬಿದ್ದಿದ್ದ ಟಚ್‌ಡೌನ್ ಬಿಟ್ಟು ಗೆರೆಗೆ ಒಂದು ಗಜ ಇರುವಾಗ ಮಂಡಿಯೂರಿದ. ಅಂಕ ಹೊಡೆದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಹೊಡೆಯದಿದ್ದರೆ ಸಮಯ ತಮ್ಮ ಕೈಯಲ್ಲೇ ಕರಗುತ್ತದೆ. ತಂಡ 10-6ರಲ್ಲಿ ಗೆದ್ದಿತು. 2018ರಲ್ಲಿ ರ‍್ಯಾಮ್ಸ್ ತಂಡದ ಟಾಡ್ ಗರ್ಲಿ ಗ್ರೀನ್ ಬೇ ಎದುರು ಹೀಗೇ ನಿಂತುಬಿಟ್ಟ. ಎರಡು ವರ್ಷದ ಮೇಲೆ ಅದೇ ಗರ್ಲಿ, ಅಟ್ಲಾಂಟಾದ ಅಂಗಿಯಲ್ಲಿ, ಡೆಟ್ರಾಯಿಟ್ ಎದುರು ಹಾಗೇ ನಿಲ್ಲಲು ಹೋದವನು ತಡೆಯಲಾರದೆ ಗೆರೆಯ ಮೇಲೆ ಬಿದ್ದ. ಟಚ್‌ಡೌನ್ ಆಗಿಹೋಯಿತು. ಉಳಿದ ಒಂದು ನಿಮಿಷದಲ್ಲಿ ಡೆಟ್ರಾಯಿಟ್ ಓಡಿಬಂದು 23-22ರಲ್ಲಿ ಗೆದ್ದಿತು. ತಲೆ ಹಿಡಿದುಕೊಂಡ ಅಟ್ಲಾಂಟಾದ ಎದುರು ಆರು ಪಾಯಿಂಟು ಸಿಕ್ಕಿತೆಂದು ಕುಣಿದವರು ದೇಶದ ತುಂಬ ಇದ್ದರು. ಅವರ ಮೇಲೆ ನನಗೆ ಕೋಪವಿಲ್ಲ, ಆದರೂ ಆ ಕುಣಿತ ನೋಡಲು ಚೆಂದವಿರಲಿಲ್ಲ.

2023ರ ಜನವರಿ 2ರ ಸೋಮವಾರ ಫ್ಯಾಂಟಸಿ ಫೈನಲ್ಲುಗಳ ಕೊನೆಯ ಪಂದ್ಯ, ಸಿನ್ಸಿನಾಟಿಯಲ್ಲಿ. ಬಫಲೋ ತಂಡದ ಡಮಾರ್ ಹ್ಯಾಮ್ಲಿನ್ ಒಬ್ಬನನ್ನು ತಡೆದು ಎದ್ದು ನಿಂತು ಹಾಗೇ ಹಿಂದಕ್ಕೆ ಬಿದ್ದ, ಹೃದಯ ನಿಂತಿತ್ತು. ಮೈದಾನದಲ್ಲೇ ಉಸಿರು ತುಂಬಿದರು. ಪಂದ್ಯ ನಿಂತಿತು, ಮತ್ತೆ ನಡೆಯಲೇ ಇಲ್ಲ. ಅವನು ಬದುಕಿದ, ಮುಂದಿನ ಋತುವಿನಲ್ಲಿ ಆಡಿದ ಕೂಡ. ಆ ರಾತ್ರಿ ನಮ್ಮ ಗ್ರೂಪಿನಲ್ಲಿ ಯಾರೂ ಅಂಕದ ಮಾತು ಎತ್ತಲಿಲ್ಲ. ಫೈನಲ್ ಆಡುತ್ತಿದ್ದ ಇಬ್ಬರೂ ಆಮೇಲೆ ದುಡ್ಡನ್ನು ಸಮ ಹಂಚಿಕೊಂಡರು, ಟ್ರೋಫಿ ಆ ವರ್ಷ ಯಾರ ಮನೆಗೂ ಹೋಗಲಿಲ್ಲ.

ಈ ಆರಿಸುವ ಸಂಕಟವೇ ಬೇಡ ಎನ್ನುವವರಿಗೆ ಬೆಸ್ಟ್ ಬಾಲ್ ಎಂಬ ಬಗೆಯಿದೆ. ಡ್ರಾಫ್ಟ್ ಮುಗಿಸಿ ಕೈಕಟ್ಟಿ ಕೂತರಾಯಿತು. ವಾರದ ಕೊನೆಗೆ ಕಂಪ್ಯೂಟರೇ ಅತಿ ಹೆಚ್ಚು ಅಂಕ ಪಡೆದವರನ್ನು ಹೆಕ್ಕಿ ಆಡಿಸಿದ ಹಾಗೆ ಲೆಕ್ಕ ಹಾಕುತ್ತದೆ. ಬೆಂಚಿನ ಮೇಲೆ ಅಂಕ ಕೊಳೆಯುವ ಪ್ರಶ್ನೆಯೇ ಇಲ್ಲ. ಈ ಸಲದ ಯುಗಾದಿ ಊಟದ ಹೊತ್ತಿಗೆ ಒಬ್ಬರು ಇದನ್ನೇ ಆಡೋಣ ಎಂದರು. ಭಾನುವಾರ ಬೆಳಿಗ್ಗೆ ಮನೆಯವರ ಮುಖ ನೋಡಬಹುದು ಎಂಬುದು ಅವರ ವಾದ. ಹೆಂಗಸರೆಲ್ಲ ಒಪ್ಪಿದರು. ಎಲ್ಲರಿಗಿಂತ ಜೋರಾಗಿ ಬೇಡ ಎಂದವರು, ಹೋದ ವರ್ಷ ಬೆಂಚಿನಲ್ಲಿ ಮೂವತ್ತು ಪಾಯಿಂಟು ಇಟ್ಟುಕೊಂಡು ಸೆಮಿಫೈನಲ್ಲಿನಲ್ಲಿ ಸೋತ ನಮ್ಮ ಮೂರ್ತಿಗಳು. "ಹಾಗಾದ್ರೆ ಆಮೇಲೆ ಮಾತಾಡೋದಕ್ಕೆ ಏನ್ರೀ ಉಳಿಯುತ್ತೆ?" ಎಂದು ಕೇಳಿ, ಆ ಸೆಮಿಫೈನಲ್ಲಿನ ಕಥೆಯನ್ನು ಮತ್ತೊಮ್ಮೆ ಮೊದಲಿನಿಂದ ಶುರು ಮಾಡಿದರು.