ತೋಳಿನ ಕಲೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಬಹುಮಂದಿಯ ಎಡತೋಳಿನ ಮೇಲೆ ಹುರಿಗಡಲೆಯಷ್ಟು ಸಣ್ಣದೊಂದು ಕಲೆಯಿರುತ್ತದೆ. ಅದು ಶೈಶವದಲ್ಲಿ ಹಾಕಿಸಿದ ಬಿ.ಸಿ.ಜಿ. ಲಸಿಕೆಯ ಗುರುತು. ಕ್ಷಯರೋಗವನ್ನು ತಡೆಯಲೆಂದು 1921ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಕೊಡಲಾದ ಆ ಲಸಿಕೆಯ ಪಾಠವನ್ನು ಕಲಿತು ನೆನಪಿಟ್ಟುಕೊಳ್ಳುವವು ರಕ್ತದಲ್ಲಿ ಸಂಚರಿಸುವ 'ಟಿ' ಜೀವಕೋಶಗಳು. ಅವು ಪಕ್ವವಾಗುವುದು ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ. ಕೆಲಸಕ್ಕೆ ಬಾರದ ಅವಶೇಷವೆನಿಸಿದ್ದ ಆ ಗ್ರಂಥಿಯ ಮಹತ್ತ್ವವನ್ನು 1961ರಲ್ಲಿ ಜ್ಯಾಕ್ ಮಿಲ್ಲರ್ ತೋರಿಸಿಕೊಟ್ಟರು.

ಅದೇ ವರ್ಷದಿಂದ 1968ರವರೆಗೆ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಜನರ ಮುಂದೋಳಿಗೆ ಟ್ಯುಬರ್ಕ್ಯುಲಿನ್ ಚುಚ್ಚಿ, ಮೂರು ನಾಲ್ಕು ದಿನಗಳ ಬಳಿಕ ಮರಳಿ ಬಂದು ಚರ್ಮದ ಊತವನ್ನು ಅಳೆದರು. ಮುಳ್ಳು ತಾಗಿದೊಡನೆ ನೋಯುವ ದೇಹ ಇಲ್ಲಿ ಇಷ್ಟು ಸಾವಕಾಶ ಮಾಡುವುದೇಕೆ? ಆ ವಸ್ತುವನ್ನು ಬಲ್ಲ 'ಟಿ' ಕೋಶಗಳು ಅಲ್ಲಿಗೆ ಬರಬೇಕು, ಗುರುತಿಸಬೇಕು, ಇತರ ಕೋಶಗಳನ್ನು ಕರೆಯಬೇಕು.

ಗುರುತಿಸುವ ಕ್ರಮವೂ ಸರಳವಲ್ಲ. ರೋಗಾಣುವಿನ ಪ್ರೋಟೀನಿನ ತುಣುಕೊಂದನ್ನು ಬೇರೊಂದು ಕೋಶ ಎತ್ತಿ ತೋರಿಸುತ್ತದೆ. 'ಟಿ' ಕೋಶದ ಗ್ರಾಹಕ ಅದನ್ನು ಹಿಡಿದಾಗ, ಒಳಗೆ ಎಲ್‌ಸಿಕೆ ಎಂಬ ಪ್ರೋಟೀನು ಗ್ರಾಹಕದ ಬಾಲಗಳಿಗೆ ಫಾಸ್ಫೇಟನ್ನು ಅಂಟಿಸುತ್ತದೆ. ಆ ಗುರುತನ್ನರಸಿ ಝಾಪ್-70 ಬಂದು ಕೂರುತ್ತದೆ. ಅದು ಎಲ್‌ಎಟಿ ಎಂಬ ಮತ್ತೊಂದಕ್ಕೆ ಗುರುತು ಹಚ್ಚಿದರೆ ಅದರ ಸುತ್ತ ಹಲವು ಪ್ರೋಟೀನುಗಳು ಸಂತೆ ಸೇರಿದಂತೆ ಸೇರುತ್ತವೆ. ಕೋಶದೊಳಗೆ ಕ್ಯಾಲ್ಸಿಯಂ ಏರಿ, ಸುದ್ದಿ ಕೋಶಕೇಂದ್ರವನ್ನು ಮುಟ್ಟುತ್ತದೆ.

ಇಷ್ಟೂ ಸಾಲದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರು ಎಷ್ಟೇ ಬೆಲೆ ಕೂಗಲಿ, ಬೆಳೆಗಾರ ಒಪ್ಪದೆ ಗೂಡು ಕೈಬದಲಾಗದು. ಹಾಗೆಯೇ, ಹೊಸದಾಗಿ ಪಾಠ ಕಲಿಯುವ ಕೋಶದ ಮೇಲಿನ ಸಿಡಿ28 ಎಂಬ ಪ್ರೋಟೀನಿಗೂ ಎದುರಿನ ಕೋಶದಿಂದ ಒಪ್ಪಿಗೆ ದೊರೆಯಬೇಕು. ಇಲ್ಲವಾದರೆ ಕೋಶ ಜಡವಾಗಿಬಿಡುತ್ತದೆ.

ಕಾದಾಟಕ್ಕೆ ಹೊರಡುವುದಕ್ಕಿಂತ ಅದನ್ನು ನಿಲ್ಲಿಸುವುದೇ ಕಠಿನ. ಎಚ್ಚೆತ್ತ ಕೋಶ ಸಿಟಿಎಲ್‌ಎ-4 ಎಂಬ ಪ್ರೋಟೀನನ್ನು ತಾನೇ ಹೊರತರುತ್ತದೆ. ಸಿಡಿ28 ಹಿಡಿಯಬೇಕಾದ ಕೈಯನ್ನೇ ಇದು ಹೆಚ್ಚು ಬಿಗಿಯಾಗಿ ಹಿಡಿದು ಒಪ್ಪಿಗೆಯನ್ನು ತಡೆಯುತ್ತದೆ. ಈ ಪ್ರೋಟೀನಿಲ್ಲದೆ ಹುಟ್ಟಿದ ಇಲಿಮರಿಗಳು ಕೆಲವೇ ವಾರಗಳಲ್ಲಿ ಸತ್ತುದನ್ನು ವಿಜ್ಞಾನಿಗಳು 1995ರಲ್ಲಿ ವರದಿಮಾಡಿದರು. ಅವನ್ನು ಕೊಂದುದು ರೋಗಾಣುವಲ್ಲ. ಹದ್ದುಮೀರಿ ಬೆಳೆದು ಹೃದಯವನ್ನು ಹೊಕ್ಕ ಅವುಗಳದೇ 'ಟಿ' ಕೋಶಗಳು!

ಈ ಕಡಿವಾಣದಿಂದಾಗಿಯೇ ಕ್ಯಾನ್ಸರ್ ಗೆಡ್ಡೆಗಳು ಎಷ್ಟೋ ಸಲ ಉಳಿದುಕೊಳ್ಳುತ್ತವೆ. ಸಿಟಿಎಲ್‌ಎ-4ನ್ನು ತಡೆದು ಗೆಡ್ಡೆಯನ್ನು ಕರಗಿಸುವ ದಾರಿಯನ್ನು ಜೇಮ್ಸ್ ಆಲಿಸನ್ ಕಂಡರು; ಪಿಡಿ-1 ಎಂಬ ಇನ್ನೊಂದು ಕಡಿವಾಣವನ್ನು ತಸುಕು ಹೊಂಜೊ ಗುರುತಿಸಿದರು. 2018ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಸಂದಿತು. ಅಂಥ ಔಷಧ ಪಡೆದ ಕೆಲವರ ಕರುಳನ್ನೋ ಚರ್ಮವನ್ನೋ ಅವರ ಕೋಶಗಳೇ ಘಾಸಿಗೊಳಿಸುವುದುಂಟು. ಆಗ ವೈದ್ಯರು ಸಡಿಲಿಸಿದ ಕಡಿವಾಣವನ್ನು ಮತ್ತೆ ಬಿಗಿಯಬೇಕಾಗುತ್ತದೆ.