ಬಿಸಿಲಿನ ಬಾಡಿಗೆ

ವಿಶಾಖಪಟ್ಟಣದ ಬಳಿಯ ಸಿಂಹಾದ್ರಿ ಉಷ್ಣವಿದ್ಯುತ್ ಸ್ಥಾವರವೂ ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವೂ ಸಾಮರ್ಥ್ಯದಲ್ಲಿ ಹೆಚ್ಚುಕಡಿಮೆ ಸಮಾನ. ಅದು 2,000 ಮೆಗಾವಾಟ್, ಇದು 2,050. ಅಲ್ಲಿ ಹಗಲಿರುಳು ಕಲ್ಲಿದ್ದಲು ಉರಿಯಬೇಕು. ಇಲ್ಲಿ ಹಗಲು ಮಾತ್ರ ಕೆಲಸ, ಆದರೆ ಬಿಸಿಲು ಬಿದ್ದರೆ ಸಾಕು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾಗಿ ಬಂದು, ಇಲ್ಲಿಯೂ ಇಬ್ರಾಹಿಂಪಟ್ಟಣದ ಹೊಗೆಗೊಳವೆಗಳನ್ನೇ ನೋಡುತ್ತಿರುವ ನನಗೆ ಹೊಗೆಯಿಲ್ಲದ ವಿದ್ಯುತ್ತೆಂದರೆ ಪುಣ್ಯದ ಮಾತೇ ಸರಿ. ಆದರೆ ಆ ಪುಣ್ಯದಲ್ಲಿ ಯಾರಿಗೆಷ್ಟು ಪಾಲು?

ಪಾವಗಡ ಮೂರು ಕಡೆ ಆಂಧ್ರದಿಂದ ಸುತ್ತುವರಿದ, ಕನ್ನಡ ತೆಲುಗು ಎರಡೂ ಒಂದೇ ಜಗಲಿಯಲ್ಲಿ ಕೂಡುವ, ಬರಕ್ಕೆ ಹೆಸರಾದ ತಾಲ್ಲೂಕು. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದ ಈ ಉದ್ಯಾನ ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಇದರ ವಿಶೇಷವೆಂದರೆ, ಜಮೀನನ್ನು ರೈತರಿಂದ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೆಯೇ ಉಳಿಯಿತು. ಅಣೆಕಟ್ಟು, ಕಾರ್ಖಾನೆಗಳಿಗಾಗಿ ಊರು ಬಿಟ್ಟವರ ಕಥೆ ಬಲ್ಲವರು ಇದನ್ನು ಮೆಚ್ಚಲೇಬೇಕು.

ನನ್ನ ಸೋದರಮಾವನ ಏಳು ಎಕರೆಯೂ ಅದರಲ್ಲಿ ಸೇರಿದೆ. ಮಳೆ ಬಂದರೂ ಬಾರದಿದ್ದರೂ ಕೈಗೆ ಹತ್ತುವ ಬೆಳೆ ಎಂದು ಅವರಿಗೆ ಸಂತೋಷ. ಅದೇ ಹೊಲದಲ್ಲಿ ಮೂವತ್ತು ವರ್ಷ ಶೇಂಗಾ ಕಿತ್ತ ಹೆಂಗಸಿಗೆ ಈಗ ಕೂಲಿಯಿಲ್ಲ, ಬಾಡಿಗೆಯೂ ಇಲ್ಲ. ಆಕೆಗೂ ಒಂದು ಪಾಲು ಸಲ್ಲಬೇಡವೇ ಎಂದು ಕೇಳಿದೆ. "ಸಾಲ ಇದ್ದಾಗ ಯಾರು ಪಾಲಿಗೆ ಬಂದರಪ್ಪಾ?" ಎಂದರು ಮಾವ. ಆ ಮಾತಿನಲ್ಲಿಯೂ ಹುರುಳಿದೆ.

ಅಮರ್ತ್ಯ ಸೇನ್ ಅವರು 2009ರಲ್ಲಿ ನ್ಯಾಯದ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ಕೊಳಲಿಗಾಗಿ ಜಗಳವಾಡುವ ಮೂವರು ಮಕ್ಕಳಿದ್ದಾರೆ. ಒಬ್ಬಳಿಗೆ ನುಡಿಸಲು ಬರುತ್ತದೆ. ಒಬ್ಬನಿಗೆ ಬೇರೆ ಆಟಿಕೆಯೇ ಇಲ್ಲ. ಕೊಳಲನ್ನು ಮಾಡಿದವಳು ಇನ್ನೊಬ್ಬಳು. ಮೂವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಪಾವಗಡದಲ್ಲಿಯೂ ಹಾಗೆಯೇ: ವಿದ್ಯುತ್ತನ್ನು ಬಳಸಬಲ್ಲ ಪಟ್ಟಣವಿದೆ, ಜಮೀನುಳ್ಳ ರೈತನಿದ್ದಾನೆ, ಏನೂ ಇಲ್ಲದ ಕೂಲಿಯವಳಿದ್ದಾಳೆ. ಮೊದಲಿನಿಬ್ಬರ ಮಾತು ಕರಾರಿನಲ್ಲಿ ಬಂತು, ಮೂರನೆಯವಳದು ಬರಲಿಲ್ಲ. ಕಡತದಲ್ಲಿ ಹೆಸರಿಲ್ಲದವರು ಕಣ್ಣಿಗೆ ಬೀಳುವುದಿಲ್ಲವೆಂಬುದು ಗುಮಾಸ್ತನಾದ ನನಗೆ ಚೆನ್ನಾಗಿ ಗೊತ್ತು.

ಹೆಸರು ಸೇರಿಸುವುದು ಅಸಾಧ್ಯವೇನಲ್ಲ. ವಿಜಯವಾಡದ ಪಕ್ಕದಲ್ಲಿಯೇ, ಅಮರಾವತಿ ರಾಜಧಾನಿಗಾಗಿ 2015ರಲ್ಲಿ ಜಮೀನು ಒಗ್ಗೂಡಿಸಿದಾಗ, ಭೂಮಿಯಿಲ್ಲದ ಬಡ ಕುಟುಂಬಗಳಿಗೂ ತಿಂಗಳಿಗೆ 2,500 ರೂಪಾಯಿ ಪಿಂಚಣಿ ಗೊತ್ತುಮಾಡಿದರು. ಮೊತ್ತ ಸಣ್ಣದು, ಆದರೆ ಪಟ್ಟಾ ಇಲ್ಲದವರೂ ಆ ಮಣ್ಣಿನಿಂದ ಬದುಕುತ್ತಿದ್ದರೆಂದು ಸರ್ಕಾರಿ ಕಾಗದ ಒಪ್ಪಿಕೊಂಡಿತು.

2025ರ ಜನವರಿಯಲ್ಲಿ ವಿಶಾಖಪಟ್ಟಣದ ಬಳಿ ಪೂಡಿಮಡಕದ ಹಸಿರು ಹೈಡ್ರೋಜನ್ ಯೋಜನೆಗೆ ಶಂಕುಸ್ಥಾಪನೆಯಾಯಿತು. ಇಂಥ ಕೆಲಸಗಳು ಇನ್ನೂ ಬರುತ್ತವೆ, ಬರಬೇಕು. ಮಾವನ ಬಾಡಿಗೆ ಮಾವನಿಗೇ ಇರಲಿ. ಆದರೆ ಮುಂದಿನ ಕರಾರು ಬರೆಯುವಾಗ, ಸರ್ವೆ ನಂಬರುಗಳ ಪಟ್ಟಿಯ ಜೊತೆಗೆ ಆ ಹೊಲಗಳಲ್ಲಿ ದುಡಿದ ಕೈಗಳದೂ ಒಂದು ಪಟ್ಟಿ ಇರಲಿ. ಅವರ ಪಾಲಿನ ಹಣವನ್ನು ದೀಪ ಹಾಕಿಕೊಳ್ಳುವ ನಾವೆಲ್ಲ ಬಿಲ್ಲಿನಲ್ಲಿ ನಾಲ್ಕು ಕಾಸು ಹೆಚ್ಚು ಕೊಟ್ಟು ತುಂಬೋಣ.