ಮೀನಿನ ತೊಟ್ಟಿಯಲ್ಲಿ ಗೆರಟೆ ಮನೆ

ಮೀನು ಸಾಕುವ ಆಸೆ ಮಕ್ಕಳದ್ದು, ತೊಟ್ಟಿ ತೊಳೆಯುವ ಕೆಲಸ ನಮ್ಮದು. ಅಲ್ವೇ, ಸೋದರಿಯರೇ? ಅದಕ್ಕೇ ಪುತ್ತೂರಿನ ನಮ್ಮ ಮನೆಯ ತೊಟ್ಟಿಗೆ ನಾನು ಮರಳು ಹಾಕಿಲ್ಲ. ಮರಳಿನ ಸಂದಿಗಿಳಿದ ತಿಂಡಿ ಕೊಳೆತು ನೀರು ಕೆಡುತ್ತದೆ. ಬರೀ ಗಾಜಾದರೆ ಕಸ ಕಣ್ಣಿಗೆ ಕಾಣುತ್ತದೆ.

ಆದರೆ ಮರಳಿಲ್ಲದೆ ಅಲಂಕಾರದ ವಸ್ತು ನಿಲ್ಲೋದಿಲ್ಲ. ಹೋದ ಮಳೆಗಾಲ ನೆರೆಮನೆಯ ತೊಟ್ಟಿಯಲ್ಲಿ ಗೊಂಬೆ ಮಗುಚಿ, ಅಡಿಗೆ ಸಿಕ್ಕ ಮೀನು ಸತ್ತಿತು. ಆ ಮನೆಯ ಮಗು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಾಗಂತ ತೊಟ್ಟಿ ಖಾಲಿ ಬಿಡಬೇಡಿ. ಮರೆ ಇಲ್ಲದಿದ್ದರೆ ಅಂಜುಬುರುಕ ಮೀನು ಮೂಲೆ ಹಿಡಿದು ಸೊರಗುತ್ತದೆ.

ಹೀಗೆ ಮಾಡಿ. ತೆಂಗಿನ ಗೆರಟೆಯ ನಾರು, ಕಾಯಿ ಪೂರ್ತಿ ಕೆರೆದು, ಬಾಗಿಲು ಕೊರೆಯಿರಿ. ಬಣ್ಣ ಬಿಡುವುದು ನಿಲ್ಲುವ ತನಕ ನೀರು ಬದಲಿಸುತ್ತಾ ಕುದಿಸಿ, ಒಣಗಿಸಿ. ಅಡುಗೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡಿನ ಅಂಚು ಉಜ್ಜಿ ತೊಳೆದು, ಅದರ ಮೇಲೆ ಗೆರಟೆಯನ್ನು ಸಿಲಿಕೋನ್ ಅಂಟಿನಿಂದ ಕೂರಿಸಿ. ಅಂಟು ಮೀನಿನ ತೊಟ್ಟಿಯದೇ ಆಗಿರಲಿ. ಬಚ್ಚಲುಮನೆಗೆ ಬಳಸುವುದರಲ್ಲಿ ಬೂಸ್ಟು ತಡೆಯುವ ವಿಷ ಇರುತ್ತದೆ. ಎರಡು ದಿನ ಬಿಟ್ಟು, ಹುಳಿ ವಾಸನೆ ಪೂರ್ತಿ ಹೋದ ಮೇಲೆ ನೀರಿಗಿಳಿಸಿ.

ಜಾವಾ ಫರ್ನ್‌ನಂಥ ಮಣ್ಣು ಬೇಡದ ಗಿಡವನ್ನು ಹೊಳೆಯ ಕಲ್ಲಿಗೆ ನೂಲಿನಿಂದ ಕಟ್ಟಿದರೆ ಸಾಕು. ಸುಳ್ಯದವರಿಗೆ ಪಯಸ್ವಿನಿ, ಕಡಬದವರಿಗೆ ಕುಮಾರಧಾರೆ ಇದ್ದೇ ಇದೆಯಲ್ಲ! ಕಲ್ಲಿನ ಮೇಲೆ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಬೇಡ. ಮುರಕಲ್ಲೂ ಬೇಡ, ಕೆಂಪು ಪುಡಿ ಉದುರುತ್ತದೆ.

ನೀರು ತುಂಬುವ ಮುಂಚೆ ಎಲ್ಲವನ್ನೂ ಕೈಯಿಂದ ಅಲುಗಿಸಿ ನೋಡಿ. ಅಲುಗಲಿಲ್ಲವೇ? ಇನ್ನು ಮಕ್ಕಳನ್ನು ಕರೆಯಿರಿ.